ಹಿಂಬದಿಯಲ್ಲಿ ಬರೆದ ಊರು

ತಮ್ಮಾ, ನಿನ್ನ ಪತ್ರ ತಲುಪಿತು. ಪನಾಮ ಬಾವುಟದ ಹಡಗಿನಲ್ಲಿ ಕೆಲಸ ಸಿಕ್ಕಿದೆ, ಪನಾಮ ಹೇಗಿದೆ, ಊಟಕ್ಕೇನು ಎಂದು ಕೇಳಿದ್ದೀಯ. ನಗು ಬಂತು, ನನ್ನನ್ನೇ ನೆನೆದು. 1998ರಲ್ಲಿ ಮುಂಬೈಯಲ್ಲಿ ಹಡಗು ಹತ್ತುವಾಗ ಅದರ ಹಿಂಬದಿಯಲ್ಲಿ ‘ಮನ್ರೋವಿಯಾ’ ಎಂದು ಲೈಬೀರಿಯಾದ ರಾಜಧಾನಿಯ ಹೆಸರಿದ್ದುದನ್ನು ಓದಿ, ಆ ದೇಶಕ್ಕೇ ಹೊರಟಿದ್ದೇನೆಂದು ಮನೆಗೆ ಕಾಗದ ಹಾಕಿದ್ದೆ. ಇಪ್ಪತ್ತು ವರ್ಷ ಕಡಲಲ್ಲಿ ಕಳೆದು ಸಿಂಗಪುರದಲ್ಲಿ ನೆಲೆನಿಂತೆ. ಮನ್ರೋವಿಯಾ ಇನ್ನೂ ನೋಡಿಲ್ಲ. ಹಿಂಬದಿಯ ಹೆಸರು, ಬಾವುಟ ಎರಡೂ ಹಡಗು ಎಲ್ಲಿ ನೋಂದಣಿಯಾಗಿದೆ ಎಂದು ಹೇಳುತ್ತವೆ, ಎಲ್ಲಿಗೆ ಹೋಗುತ್ತದೆ ಎಂದಲ್ಲ. ಆ ದೇಶದ ಹಡಗು ನೋಂದಣಿ ನಡೆಯುವುದೇ ಅಮೆರಿಕದ ವರ್ಜೀನಿಯಾದಿಂದ. ಕಡಲೇ ಇಲ್ಲದ ಮಂಗೋಲಿಯಾದ ಬಾವುಟಕ್ಕೂ ಹಡಗುಗಳಿವೆ! ಮಾಲೀಕ ಗ್ರೀಸಿನವನು, ಅಡುಗೆಯವನು ಫಿಲಿಪೀನ್ಸಿನವನು, ಬಾವುಟ ಪನಾಮದ್ದು. ತೆರಿಗೆ ಕಡಿಮೆ, ಯಾವ ದೇಶದವರನ್ನಾದರೂ ಕೆಲಸಕ್ಕಿಟ್ಟುಕೊಳ್ಳಬಹುದು, ಅದಕ್ಕೆ. ಆದರೆ ಹಡಗಿನೊಳಗೆ ನಡೆಯುವುದು ಬಾವುಟದ ದೇಶದ ಕಾನೂನು.

ಅನ್ನ ಸಿಗುತ್ತದೆ, ಕುಚ್ಚಲಕ್ಕಿಯದಲ್ಲ. ಉಪ್ಪಿನಕಾಯಿ ಒಯ್ಯಿ. ಆದಾಯ ತೆರಿಗೆಯ ವಿಷಯ ತಿಳಿದವರನ್ನು ಕೇಳು. ದೇಶದ ಹೊರಗಿದ್ದ ದಿನಗಳ ಲೆಕ್ಕ ಬರೆದಿಡು.

‘ಒಳ್ಳೆಯ ಕಂಪನಿ ನೀವೇ ಹೇಳಿ’ ಎಂದೆಯಲ್ಲ, ಅದೊಂದನ್ನು ಕೇಳಬೇಡ. 2003ರಲ್ಲಿ ನನ್ನ ಮಾತು ನಂಬಿ ಚಿಕ್ಕಮ್ಮನ ಮಗ ನಾನಿದ್ದ ಹಡಗಿಗೇ ಬಂದ. ಶಾರ್ಜಾದ ಹೊರಗೆ ಲಂಗರು ಹಾಕಿದ್ದಾಗ ಮಾಲೀಕ ಫೋನ್ ಎತ್ತುವುದನ್ನು ನಿಲ್ಲಿಸಿದ. ಐದು ತಿಂಗಳು. ಡೀಸೆಲ್ ಮುಗಿದು ಜನರೇಟರ್ ನಿಂತಿತು; ಒಳಗೆ ಕಾದ ಹೆಂಚು, ಡೆಕ್ಕಿನ ಮೇಲೆಯೇ ಮಲಗಿದೆವು. ಹಲಗೆ ಒಡೆದು ಉರಿಸಿ ಗಂಜಿ ಕಾಯಿಸಿದೆವು, ಗಾಳ ಹಾಕಿ ಮೀನು ಹಿಡಿದೆವು. ಬಾವುಟ ಬಿಸಿಲಿಗೆ ಬಣ್ಣಗೆಟ್ಟು ಚಿಂದಿಯಾಯಿತು. ಆ ದೇಶದ ಹೆಸರು ಬೇಡ ಬಿಡು. ಕೊನೆಗೆ ಯಾರೋ ಪುಣ್ಯಾತ್ಮರು ಟಿಕೆಟ್ ಕೊಡಿಸಿದರು. ಸಂಬಳ ಬರಲೇ ಇಲ್ಲ. ನಾನು ಮತ್ತೊಂದು ಹಡಗು ಹತ್ತಿದೆ, ಅವನು ಮಲ್ಪೆಯ ಬೋಟಿಗೆ ಹೋದ. ಚಿಕ್ಕಮ್ಮ ಇವತ್ತಿನವರೆಗೆ ಒಂದು ಮಾತೂ ಅಂದಿಲ್ಲ. ಊರಿಗೆ ಹೋದಾಗಲೆಲ್ಲ ಬಂಗುಡೆ ಸಾರು ಮಾಡಿ ಬಡಿಸುತ್ತಾರೆ. ನನಗದು ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಕಾಲ ಸ್ವಲ್ಪ ಸುಧಾರಿಸಿದೆ. ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ 2017ರಿಂದ, ಮಾಲೀಕ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ಊರಿಗೆ ಕಳುಹಿಸುವ ಖರ್ಚಿಗೆ ವಿಮೆಯಂಥ ಭದ್ರತೆ ಇರಲೇಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹತ್ತಿದ ದಿನವೇ ಹುಡುಕಿ ನೋಡು, ಅವಧಿ ಮುಗಿದಿದೆಯೇ ಎಂದೂ ನೋಡು. ಕೆಲಸ ಕೊಡಿಸಿದ್ದಕ್ಕೆ ದುಡ್ಡು ಕೇಳುವ ಏಜೆಂಟನ ಮೆಟ್ಟಿಲು ತುಳಿಯಬೇಡ. ಕರಾರುಪತ್ರದ ಒಂದು ಪ್ರತಿಯನ್ನು ಅಮ್ಮನ ಕೈಯಲ್ಲಿ ಕೊಟ್ಟು ಹೊರಡು. ನಮ್ಮದೆಲ್ಲ ಕ್ಯಾಪ್ಟನ್ನರ ಕಪಾಟಿನಲ್ಲಿತ್ತು.