ಲಿಪ್ ಬಾಮ್ ಕಲ್ಲಾತು, ಆಮ್ಯಾಲೆ ನೀರಾತು

ಪ್ರಶ್ನೆ: ಮನ್ಯಾಗ ಲಿಪ್ ಬಾಮ್ ಮಾಡಿ ಓಣಿ ಮಂದಿಗೆ ಕೊಡ್ತೀನ್ರಿ. ನಾವು ಜೈನರು, ನಮ್ಮತ್ತಿ ಜೇನುಮೇಣ ಬ್ಯಾಡ ಅಂದ್ರು ಅಂತ ಆನ್‌ಲೈನ್‌ನ್ಯಾಗ ಕ್ಯಾಂಡೆಲಿಲ್ಲಾ ಮೇಣ ತರಿಸ್ದೆ. ಜೇನುಮೇಣದ ಅಳತಿಗೇ ಹಾಕಿದ್ರ ಕಲ್ಲಾತು, ಹೆದರಿ ಚೂರ ಹಾಕಿ ಉಳಿದದ್ದೆಲ್ಲಾ ಕೊಬ್ಬರಿ ಎಣ್ಣಿ ಸುರುವಿದ್ರ ಬ್ಯಾಗಿನ್ಯಾಗ ನೀರಾತು. ಏನ್ ಮಾಡ್ಲಿ?
– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅಕ್ಕಾರ, ಮೇಣಕ್ಕ ಬೈಬ್ಯಾಡ್ರಿ, ಕೊಬ್ಬರಿ ಎಣ್ಣಿ 24 ಡಿಗ್ರಿಗೇ ಕರಗತೈತಿ, ನಮ್ಮ ಬ್ಯಾಸಿಗಿ ಅಂತೂ ನಿಮಗ ಗೊತ್ತ ಐತಿ, ಅದು ಹೆಂಗ ನಿಂತೀತು? ಕ್ಯಾಂಡೆಲಿಲ್ಲಾ ಕರಗೋದು 70 ಡಿಗ್ರಿ ಆಸುಪಾಸು, ಜೇನುಮೇಣ 62–64ಕ್ಕ, ಅದಕ್ಕ ಜೇನುಮೇಣ 20 ಗ್ರಾಂ ಹಾಕೋ ಕಡೆ ಇದು 10 ಗ್ರಾಂ ಸಾಕು. ಕೊಬ್ಬರಿ ಎಣ್ಣಿ ಕಡಿಮಿ ಮಾಡಿ ಶಿಯಾ ಬಟರ್ (ಆಫ್ರಿಕಾದ ಒಂದ್ ಮರದ ಬೀಜದಿಂದ ತೆಗೆಯೋ ಗಟ್ಟಿ ಎಣ್ಣಿ) ಸ್ವಲ್ಪ ಹಾಕ್ರಿ. ಡಬ್ಬಿಗೆ ತುಂಬೋಕ್ಕಿಂತ ಮೊದಲ ಒಂದ್ ಹನಿ ತಣ್ಣನ ಸ್ಟೀಲ್ ಚಮಚದ ಮ್ಯಾಲೆ ಬಿಡ್ರಿ, ಎರಡು ನಿಮಿಷಕ್ಕ ಉಗುರಿಲೆ ಕೆರೆದು ನೋಡ್ರಿ: ಪುಡಿ ಪುಡಿ ಉದುರಿದ್ರ ಎಣ್ಣಿ, ಬೆರಳಿಗೆ ಹತ್ತಿ ಜಾರಿದ್ರ ಮೇಣ ಹಾಕ್ರಿ.

ಈ ಮೇಣ ಬರೋದು ಉತ್ತರ ಮೆಕ್ಸಿಕೋದ ಮರಳುಗಾಡಿಂದ. ನಮ್ಮ ಹೊಲದ ಬದುವಿನ ಕಳ್ಳಿ ಇರತಾವಲ್ಲಾ ಅದರ ಬಳಗದ ಗಿಡ, ಎಲಿ ಇಲ್ಲದಂಗ ಕಾಣೋ ಕಡ್ಡಿ ಕಡ್ಡಿ ದಂಟು. ನೀರು ಆರಿ ಹೋಗಬಾರದಂತ ಗಿಡಾನ ಮೈಗೆ ಮೇಣ ಬಳಕೊಂಡಿರತೈತಿ, ದಂಟು ಕಿತ್ತು ಆಸಿಡ್ ಹಾಕಿದ ನೀರಾಗ ಕುದಿಸಿದ್ರ ಮೇಣ ನೊರಿಯಾಗಿ ಮ್ಯಾಲೆ ತೇಲತೈತಿ, ಅದನ್ನ ಬಾಚಿ ತೆಗೀತಾರ. ದೂರದ ಮಾತು ಅನಸಿದ್ರ ಬೆಳೆದ ಜ್ವಾಳದ ದಂಟು ಬೆರಳಿಲೆ ತಿಕ್ಕಿ ನೋಡ್ರಿ, ಬಿಳಿ ಬೂದಿ ಹತ್ತತೈತಲ್ಲಾ, ಅದೂ ಮೇಣಾನ ರಿ.

ಪ್ರಶ್ನೆ: ಕಾರ್ ಪಾಲಿಶ್ ಡಬ್ಬಿ ಮ್ಯಾಲೆ ಕಾರ್ನೌಬಾ ಅಂತ ಐತಿ, ಮಗನ ಜೆಲ್ಲಿ ಚಾಕಲೇಟ್ ಪಾಕೀಟಿನ ಮ್ಯಾಲೂ ಅದ ಹೆಸರು. ಎರಡೂ ಒಂದೇನಾ?
– ಓದುಗರು, ಗದಗ

ಉತ್ತರ: ಹೌದ್ರಿ, ಎರಡರಾಗೂ ಇರೋದು ಒಂದ ಗಿಡದ ಮೇಣ. ಈಶಾನ್ಯ ಬ್ರೆಜಿಲ್‌ನ ತಾಳಿ ಗಿಡದಂಥ ಗಿಡ, ಎಲಿ ಕೊಯ್ದು ಒಣಗಿಸಿ ಬಡದ್ರ ಪುಡಿ ಉದುರತೈತಿ, ಅದನ್ನ ಕರಗಿಸಿ ಸೋಸ್ತಾರ. 82–86 ಡಿಗ್ರಿವರೆಗೂ ಕರಗಂಗಿಲ್ಲ, ಅದಕ್ಕ ಬಿಸಲಾಗ ನಿಂತ ಕಾರಿಗೂ ಹೊಳಪು ಕೊಡತೈತಿ, ಲಿಪ್‌ಸ್ಟಿಕ್ ಕಡ್ಡೀನೂ ನೆಟ್ಟಗ ನಿಲ್ಲಸತೈತಿ, ನೀವು ನುಂಗೋ ಎಷ್ಟೋ ಗುಳಿಗಿ ಮ್ಯಾಲಿನ ಮಿಂಚೂ ಇದರದ್ದ. ತಿನ್ನೋ ಪದಾರ್ಥದಾಗ ಇದರ ನಂಬರ್ ಇ 903, ಜೆಲ್ಲಿ ಒಂದಕ್ಕೊಂದು ಅಂಟಬಾರದಂತ ತೆಳ್ಳಗ ಸವರಿರತಾರ. ಪಾಲಿಶ್ ಡಬ್ಬಿ ಮಾತ್ರ ಹುಡುಗನ ಕೈಗೆ ಸಿಗದಂಗ ಮ್ಯಾಲೆ ಇಡ್ರಿ, ಅದರಾಗ ಮೇಣದ ಜೋಡಿ ಸಾಲ್ವೆಂಟ್‌ನೂ (ಮೇಣ ಕರಗಿಸೋ ರಾಸಾಯನಿಕ) ಇರತೈತಿ.