ಮೆಟ್ರೋದಲ್ಲಿ ಕಂಡಕ್ಟರ್ ಯಾಕಿಲ್ಲ?

ಪ್ರಶ್ನೆ: ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಮೆಟ್ರೋದಲ್ಲಿ ಆರು ಬೋಗಿಗೂ ಒಬ್ಬರೇ ಡ್ರೈವರ್. ಗಾರ್ಡ್ ಇಲ್ಲ, ಪೊಲೀಸೂ ಕಾಣಲಿಲ್ಲ. ನಮ್ಮ ವಿರಾಜಪೇಟೆ ಬಸ್ಸಿನಲ್ಲೇ ಡ್ರೈವರ್, ಕಂಡಕ್ಟರ್, ಕ್ಲೀನರ್ ಅಂತ ಮೂವರಿರುತ್ತಾರೆ! ಒಳಗೆ ಏನಾದರೂ ಆದರೆ ಯಾರನ್ನು ಕರೆಯಬೇಕು?
- ಕಾಫಿ ಬೆಳೆಗಾರರೊಬ್ಬರು, ಗೋಣಿಕೊಪ್ಪಲು

ಉತ್ತರ: ರೈಲು ಹಳಿಯೇ ಇಲ್ಲದ ಜಿಲ್ಲೆಯಿಂದ ಬಂದ ಒಳ್ಳೆಯ ರೈಲಿನ ಪ್ರಶ್ನೆ. ನೀವು ಕಂಡದ್ದು ಸರಿ. ಆದರೆ ಕಂಡಕ್ಟರ್, ಕ್ಲೀನರ್ ಕೆಲಸ ಎಲ್ಲೂ ಹೋಗಿಲ್ಲ, ರೈಲಿನಿಂದ ಇಳಿದು ನಿಲ್ದಾಣದಲ್ಲಿ ನಿಂತಿದೆ. ಟಿಕೆಟ್ ನೋಡುವುದು ಗೇಟು, ಚೀಲ ನೋಡುವುದು ಸ್ಕ್ಯಾನರ್. ಹಳದಿ ಗೆರೆ ದಾಟಿದ ಕೂಡಲೇ ವಿಷಲ್ ಊದುವವರು ಇದ್ದರಲ್ಲ, ಅವರು ಸುಮ್ನೆ ಊದುವುದಲ್ಲ. ಕೆಳಗೆ ಮೂರನೇ ಹಳಿಯಲ್ಲಿ 750 ವೋಲ್ಟ್ ಕರೆಂಟ್ ಇರುತ್ತದೆ.

ಡ್ರೈವರ್‌ಗೆ ಮೆಟ್ರೋದವರು ಟ್ರೈನ್ ಆಪರೇಟರ್ ಅನ್ನುತ್ತಾರೆ. ವೇಗ ಮಿತಿ ಮೀರಿದರೆ ರೈಲು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಬಾಗಿಲಿಗೆ ಯಾರಾದರೂ ಸಿಕ್ಕಿಕೊಂಡರಾ ಅಂತ ನೋಡುವುದು, ಏನಾದರೂ ಕೆಟ್ಟರೆ ಸಂಭಾಳಿಸುವುದು ಅವರ ಪಾಲು.

ಬೋಗಿಯೊಳಗೆ ಜಗಳವೋ, ಎದೆನೋವೋ ಆದರೆ ತುರ್ತು ಗುಂಡಿ ಒತ್ತಿ. ಡ್ರೈವರ್ ಜೊತೆಗೇ ಮಾತಾಡಬಹುದು. ಅವರು ಕ್ಯಾಬಿನ್ ಬಿಟ್ಟು ಓಡಿ ಬರುವುದಿಲ್ಲ. ಕಂಟ್ರೋಲ್ ರೂಮಿಗೆ ತಿಳಿಸುತ್ತಾರೆ, ಮುಂದಿನ ನಿಲ್ದಾಣದ ಸಿಬ್ಬಂದಿ ಬರುತ್ತಾರೆ. ರೈಲು ತಕ್ಷಣ ನಿಲ್ಲಲಿಲ್ಲ ಅಂತ ಗಾಬರಿಯಾಗಬೇಡಿ. ಸುರಂಗದಲ್ಲೋ ಸೇತುವೆ ಮೇಲೋ ನಿಂತರೆ ಯಾರೂ ಬೇಗ ತಲುಪಲಾರರು. ನಿಲ್ದಾಣ ಎರಡು ನಿಮಿಷದಲ್ಲಿ ಬರುತ್ತದೆ.

ಎಲ್ಲ ಊರಿನಲ್ಲೂ ಹೀಗೇ ಅಲ್ಲ. ನ್ಯೂಯಾರ್ಕಿನ ಸಬ್‌ವೇಯಲ್ಲಿ ಇಂದಿಗೂ ರೈಲಿನ ನಡುವೆ ಕಂಡಕ್ಟರ್ ಇರುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ತೂಗುವ ಕಪ್ಪು-ಬಿಳಿ ಪಟ್ಟೆಯ ಹಲಗೆಗೆ ಬೆರಳು ತೋರಿಸಿದ ಮೇಲೇ ಅವರು ಬಾಗಿಲು ತೆಗೆಯಬೇಕು. ರೈಲು ಸರಿಯಾದ ಜಾಗದಲ್ಲಿ ನಿಂತಿದೆಯಾ ಅಂತ ಖಚಿತ ಮಾಡಿಕೊಳ್ಳುವುದಕ್ಕೆ ಈ ಉಪಾಯ. ಲಂಡನ್ ತನ್ನ ಕೊನೆಯ ಗಾರ್ಡ್‌ಗಳನ್ನು 2000ರಲ್ಲಿ ಇಳಿಸಿತು. ದೆಹಲಿ ಮೆಟ್ರೋದಲ್ಲಿ 2007ರಿಂದ ಕಾವಲು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನದು. 2020ರ ಡಿಸೆಂಬರಿನಿಂದ ಅಲ್ಲಿನ ಮಜೆಂತಾ ಮಾರ್ಗದಲ್ಲಿ ಡ್ರೈವರ್ ಇಲ್ಲದ ರೈಲೇ ಓಡುತ್ತಿದೆ.

ನನ್ನ ತಕರಾರು ಇರುವುದು ರಾತ್ರಿಯ ಕೊನೆಯ ರೈಲುಗಳ ಬಗ್ಗೆ. ಆಗ ಬೋಗಿ ಖಾಲಿ. ಒಬ್ಬ ಗಾರ್ಡ್ ಆದರೂ ಒಳಗೆ ಓಡಾಡಬೇಕು. ಬೋಗಿಯಿಂದ ಬೋಗಿಗೆ ದಾರಿ ಇದ್ದೇ ಇದೆ, ಕಷ್ಟವೇನಲ್ಲ ಅಲ್ವಾ?

ಅಂದಹಾಗೆ, ಬೆಂಗಳೂರಿನ ಮದುವೆಗೆ ಕೊಡವರ ಉಡುಪು ಕುಪ್ಯಚೇಲೆ ತೊಟ್ಟು ಮೆಟ್ರೋದಲ್ಲಿ ಹೊರಟರೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಮಗಳ ಕಾರಿನಲ್ಲಿ ಕಳಿಸಿಬಿಡಿ. ಕೊಡಗಿನ ಕೋವಿಗೆ ಲೈಸೆನ್ಸ್ ವಿನಾಯಿತಿ ಉಂಟು ಅನ್ನುವ ವಾದ ಸ್ಕ್ಯಾನರ್ ಮುಂದೆ ನಡೆಯುವುದಿಲ್ಲ.