ನಿಮ್ಮ ಲೇಖನದ ‘ಬೀಜ’ದ ಬಗ್ಗೆ

ನಮಸ್ಕಾರ.

ನಿಮ್ಮ ‘ಜೀವ ಹುಟ್ಟುವ ಬಗೆ’ ಲೇಖನ ತಲುಪಿತು. ಗಿಡಗಳು, ಪ್ರಾಣಿಗಳು ಸಂತಾನ ಬೆಳೆಸುವ ಲೈಂಗಿಕ, ಅಲೈಂಗಿಕ ಎಂಬ ಎರಡೂ ದಾರಿಗಳನ್ನು ಹೈಸ್ಕೂಲು ಮಕ್ಕಳಿಗೆ ತಿಳಿಸಲು ಹೊರಟಿದ್ದೀರಿ. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಆದರೆ ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು. ಮುಚ್ಚಿಡದೆ ಹೇಳುತ್ತೇನೆ.

ನಿಮ್ಮ ವಾಕ್ಯ ಇದು: ‘ಆಲೂಗಡ್ಡೆಯಂತಹ ಬೆಳೆಗಳು ಬಿತ್ತನೆ ಬೀಜದ ಮೂಲಕ ಲೈಂಗಿಕವಾಗಿ ವಂಶಾಭಿವೃದ್ಧಿ ಹೊಂದುತ್ತವೆ.’

ನಿಮ್ಮದು ಅರಕಲಗೂಡು ಕಡೆ, ಅಪ್ಪ ಆಲೂಗಡ್ಡೆ ಬೆಳೆಯುತ್ತಾರೆ ಅಂತ ಜೊತೆಗಿನ ಪತ್ರದಲ್ಲಿದೆ. ಅದಕ್ಕೇ ಬೇಸರ ಜಾಸ್ತಿಯಾಯಿತು. ಮೇ ತಿಂಗಳಲ್ಲಿ ಜಲಂಧರ್ ಕಡೆಯಿಂದ ಹಾಸನದ ಎಪಿಎಂಸಿಗೆ ಬಂದಿಳಿಯುವ ಮೂಟೆಗಳಿಗೆ ನಾವೆಲ್ಲ ‘ಬಿತ್ತನೆ ಬೀಜ’ ಅಂತಲೇ ಹೇಳುತ್ತೇವೆ, ನಿಜ. ಬಿಚ್ಚಿ ನೋಡಿದರೆ ಒಳಗಿರುವುದು ಗೆಡ್ಡೆ, ಅಲ್ವಾ? ಗೆಡ್ಡೆ ಅಂದರೆ ನೆಲದೊಳಗೆ ಉಬ್ಬಿದ ಕಾಂಡ. ಅದರ ಕಣ್ಣು ಅಂದರೆ ಆ ಕಾಂಡದ ಮೊಗ್ಗು. ಅಲ್ಲಿ ಹೂವಿಲ್ಲ, ಪರಾಗವಿಲ್ಲ, ಗಂಡು ಹೆಣ್ಣು ಕೂಡಿದ್ದಿಲ್ಲ. ಒಂದು ಗೆಡ್ಡೆಯ ನಾಲ್ಕು ಹೋಳು ನೆಟ್ಟರೆ ಅದೇ ತಾಯಿ ಗಿಡ ನಾಲ್ಕು ಕಡೆ ಎದ್ದು ನಿಲ್ಲುತ್ತದೆ, ಅಷ್ಟೇ. ಅಲೈಂಗಿಕ ರೀತಿಗೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನೀವು ಅದನ್ನು ಲೈಂಗಿಕ ಪಟ್ಟಿಗೆ ಸೇರಿಸಿ, ಅಲೈಂಗಿಕ ಪಟ್ಟಿಗೆ ಹೈಡ್ರಾ ಅನ್ನುವ ನೀರಿನ ಪುಟ್ಟ ಜೀವಿ, ಯೀಸ್ಟ್ ತಂದಿದ್ದೀರಿ.

ಮುಂದಿನ ಸಾಲು: ‘ಅಲೈಂಗಿಕ ರೀತಿಯಲ್ಲಿ ವೈವಿಧ್ಯ ಇರುವುದಿಲ್ಲ.’ ಸರಿಯಾಗಿದೆ. ಆದರೆ ಅಲ್ಲಿಗೇ ಬಿಟ್ಟಿರಿ. ವೈವಿಧ್ಯ ಇಲ್ಲದಿದ್ದರೆ ಏನಾಗುತ್ತದೆ ಅಂತ ನಿಮ್ಮ ಅಪ್ಪನನ್ನು ಕೇಳಬೇಕಿತ್ತು. ಸೋನೆ ಮಳೆ ಹಿಡಿದು, ಬಿಸಿಲು ಕಾಣದೆ ನಾಲ್ಕು ದಿನ ಕಳೆದರೆ ಅಂಗಮಾರಿ ಒಂದು ಮೂಲೆಯಲ್ಲಿ ಶುರುವಾಗುತ್ತದೆ. ನೋಡನೋಡುತ್ತ ಇಡೀ ಹೊಲ ಸುಟ್ಟ ಹಾಗಾಗುತ್ತದೆ. ಸಾಲುಗಳಲ್ಲಿ ನಿಂತಿರುವುದೆಲ್ಲ ಒಂದೇ ಗಿಡ. ಒಂದಕ್ಕೆ ತಡೆಯಲಾಗದ್ದು ಯಾವುದಕ್ಕೂ ಆಗದು. 1845ರಲ್ಲಿ ಐರ್ಲೆಂಡನ್ನು ಬರಗಾಲಕ್ಕೆ ತಳ್ಳಿದ್ದೂ ಇದೇ ರೋಗ.

ಆಲೂಗಡ್ಡೆಗೆ ನಿಜವಾದ ಬೀಜವೂ ಇದೆ. ಹಗಲು ಉದ್ದವಿರುವ ತಂಪು ಜಾಗದಲ್ಲಿ ಅದು ಚೆನ್ನಾಗಿ ಹೂಬಿಟ್ಟು, ಪುಟ್ಟ ಹಸಿರು ಟೊಮ್ಯಾಟೊದಂಥ ಕಾಯಿ ಕಟ್ಟುತ್ತದೆ. ಶಿಮ್ಲಾ ಹತ್ತಿರದ ಕುಫ್ರಿ ಅಂಥ ಜಾಗ. ಅದಕ್ಕೇ ವಿಜ್ಞಾನಿಗಳು ಬೇರೆಬೇರೆ ತಳಿಗಳನ್ನು ಕೂಡಿಸುವ ಕೆಲಸಕ್ಕೆ ಆ ಬೆಟ್ಟ ಹಿಡಿದರು. ನಮ್ಮ ರೈತರು ‘ಜ್ಯೋತಿ’ ಅನ್ನುವ ತಳಿಯ ಪೂರ್ತಿ ಹೆಸರು ‘ಕುಫ್ರಿ ಜ್ಯೋತಿ’. ಬಿಡುಗಡೆಯಾದದ್ದು 1968ರಲ್ಲಿ. ಒಂದೇ ಒಂದು ಸಲ ಗಂಡು ಹೆಣ್ಣು ಕೂಡಿ ಹುಟ್ಟಿದ ಗಿಡ, ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಗೆಡ್ಡೆಯಿಂದ ಗೆಡ್ಡೆಗೆ ನಡೆದು ಬಂದಿದೆ. ನಿಮ್ಮ ಲೇಖನದ ಎರಡೂ ದಾರಿಗಳು ಆ ಒಂದು ಮೂಟೆಯಲ್ಲೇ ಇದ್ದವು.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೊಂದು ಸಣ್ಣ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಆಲೂಗಡ್ಡೆ ಬಿತ್ತನೆ ಬಗ್ಗೆ ಕುಳಿತಲ್ಲೇ ಬರೆದು ಕೊಟ್ಟೆ. ಹಿರಿಯ ಸಂಪಾದಕರು ಓದಿ, ‘ಒಂದು ದಿನ ಹೋಗಿ ಹೋಳು ಮಾಡು, ಆಮೇಲೆ ಬರಿ’ ಅಂದರು. ಹೋದೆ. ಆಲೂರಿನ ಹತ್ತಿರ ಒಂದು ಜಗುಲಿಯಲ್ಲಿ ಐದಾರು ಹೆಂಗಸರ ಜೊತೆ ಚಾಕು ಹಿಡಿದು ಕೂತೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಹೋಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ‘ಕಣ್ಣು ನೋಡ್ಕಂಡು ಕುಯ್ಯಿ ಮಗಾ, ಕಣ್ಣಿಲ್ಲದ್ದು ಮಣ್ಣಲ್ಲೇ ಕೊಳೀತದೆ’ ಅಂದರು. ಮೊಗ್ಗು ಅಂದರೇನು ಅಂತ ನನಗೆ ತಿಳಿದದ್ದು ಅವತ್ತು. ಸಂಜೆಗೆ ಬೆರಳೆಲ್ಲ ಕಪ್ಪಾಗಿತ್ತು.

ಇನ್ನೊಂದು ಸಾಲು ಬಿಡಲಾರೆ. ‘ಜೇನು ಗಂಡು ಹೂವಿನಿಂದ ಹೆಣ್ಣು ಹೂವಿಗೆ ಪರಾಗ ಒಯ್ಯದಿದ್ದರೆ ಕಾಫಿ ಕಾಯಿ ಕಟ್ಟದು’ ಎಂದಿದ್ದೀರಿ. ಕಾಫಿಯಲ್ಲಿ ಗಂಡು ಹೂ, ಹೆಣ್ಣು ಹೂ ಅಂತ ಬೇರೆಬೇರೆ ಇಲ್ಲ. ಎರಡೂ ಭಾಗ ಒಂದೇ ಹೂವಿನಲ್ಲಿವೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಮಾತ್ರ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಗಾಳಿ ಬೇಕು, ಜೇನು ಬೇಕು. ಸಕಲೇಶಪುರದ ಕಡೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ 8-10 ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ದಿನ ಒಂದು ಹೂ ಕಿತ್ತು ಅಂಗೈಯಲ್ಲಿಟ್ಟು ನೋಡಿದ್ದರೆ ಈ ಸಾಲು ಬರುತ್ತಿರಲಿಲ್ಲ. ಅಂದ ಹಾಗೆ, ನೀವು ಬರೆದ ಆ ಜೇನಿನಲ್ಲಿ ಗಂಡು ಹುಳ ಹುಟ್ಟುವುದು ಗಂಡಿನ ವೀರ್ಯ ಸೇರದ ಮೊಟ್ಟೆಯಿಂದ. ಅದಕ್ಕೆ ಅಪ್ಪನೇ ಇಲ್ಲ. ಪ್ರಾಣಿಗಳ ಭಾಗಕ್ಕೆ ಇದನ್ನು ಸೇರಿಸಿಕೊಳ್ಳಿ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಬಿತ್ತನೆಗೆ ಇನ್ನು ಮೂರು ವಾರ ಇದೆ. ಮನೆಗೆ ಹೋಗಿ, ಅಮ್ಮನ ಪಕ್ಕ ಕೂತು ಒಂದು ಮೂಟೆ ಹೋಳು ಮಾಡಿ. ಎರಡನೇ ಪುಟ ಹೊಸದಾಗಿ ಬರೆದು ಕಳಿಸಿ. ಜುಲೈ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ